ಕುಶಲಾ ಕಟ್ಟಿದ ಮುಡಿ

ಮುಡಿ ಕಟ್ಟುವುದರಲ್ಲಿ ಕುಕ್ಕುಂದೂರಿನ ಭುಜಂಗನನ್ನು ಮೀರಿಸುವವರಿಲ್ಲ ಎಂದು ಈಗಲೂ ಹೇಳುವ ನಾಲ್ಕೈದು ಮುದುಕರು ನಮ್ಮ ಕಡೆ ಇದ್ದಾರೆ. ಆ ಭುಜಂಗ ನಾನೇ. ಆ ಮಾತು ಶುದ್ಧ ಸುಳ್ಳು. ಅದು ಸುಳ್ಳು ಎಂದು ಹೇಳಬೇಕಾಗಿದ್ದವನೂ ನಾನೇ, ಹೇಳಲಿಲ್ಲ. ಈಗ ಹೇಳುತ್ತೇನೆ, ಕೇಳಿ. ಕೇಳಿ ಆದ ಮೇಲೆ ಮುಖಕ್ಕೆ ಉಗಿಯಬೇಕೆಂದು ಕಂಡರೆ ಉಗಿಯಿರಿ. ನಾನು ಒರೆಸಿಕೊಳ್ಳುವುದಿಲ್ಲ.

ಈಗಿನ ಮಕ್ಕಳು ಗೋಣಿಚೀಲ ಬಿಟ್ಟು ಬೇರೆ ಕಂಡವರಲ್ಲ, ಅದಕ್ಕೆ ಮೊದಲು ಮುಡಿ ಎಂದರೆ ಎಂತದು ಎಂದು ಹೇಳಿಬಿಡುತ್ತೇನೆ. ಮುಡಿ ಎಂದರೆ ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿಯ ಮೂಟೆ. ನೆಲದ ಮೇಲೆ ಹುಲ್ಲನ್ನು ಸುತ್ತಲೂ ಬಿಡಿಸಿ ಹಾಸಿ, ನಡುವೆ ನಲವತ್ತೆರಡು ಸೇರು ಅಕ್ಕಿ ಸುರಿದು, ಹುಲ್ಲನ್ನು ಮೇಲೆತ್ತಿ ಬಿಗಿದು, ಮರದ ಕೊಡತಿಯಿಂದ ಬಡಿದು ಬಡಿದು ಉರುಟು ಮಾಡಬೇಕು. ಆಮೇಲೆ ಹುಲ್ಲಿನದೇ ಹಗ್ಗವನ್ನು ಒತ್ತೊತ್ತಾಗಿ ಸುತ್ತಬೇಕು. ಒಂದೊಂದು ಸುತ್ತಿಗೂ ಮುಡಿಗೆ ಕಾಲು ಕೊಟ್ಟು ಎರಡು ಕೈಯಲ್ಲಿ ಹಗ್ಗ ಜಗ್ಗಬೇಕು. ಸರಿಯಾಗಿ ಕಟ್ಟಿದ ಮುಡಿಯನ್ನು ಅಟ್ಟದಲ್ಲಿಟ್ಟರೆ ಎರಡು ಮಳೆಗಾಲ ಕಳೆದರೂ ಒಂದು ಹುಳ ಒಳಗೆ ಹೋಗುವುದಿಲ್ಲ.

ಕಟ್ಟುವುದು ಗಂಡಸರ ಕೆಲಸ, ಕುಟ್ಟುವುದು ಹೆಂಗಸರ ಕೆಲಸ. ಭತ್ತ ಬೇಯಿಸಿ, ಒಣಗಿಸಿ, ಒನಕೆಯಲ್ಲಿ ಕುಟ್ಟಿ, ಕೇರಿ, ಅಕ್ಕಿ ಮಾಡಿ ಕೊಡುವವರು ಅವರು. ಆದರೆ ಅದೇ ಅಕ್ಕಿಯ ಮುಡಿಗೆ ಅವರ ಕಾಲು ತಾಗಬಾರದು. ಹೆಂಗಸು ಕಾಲಿಟ್ಟ ಮುಡಿ ಮನೆಗೆ ಆಗದು, ದೇವಸ್ಥಾನಕ್ಕಂತೂ ಆಗಲೇ ಆಗದು ಎಂದು ನಮ್ಮ ಊರು ನಂಬಿತ್ತು. ಯಾರು ಹೇಳಿದ್ದು ಎಂದು ಯಾರೂ ಕೇಳಿರಲಿಲ್ಲ. ನಾನಂತೂ ಯಾಕೆ ಕೇಳಲಿ? ಮುಡಿಗೊಂದು ಸೇರು ಅಕ್ಕಿ ನನಗೆ ಸಿಗುತ್ತಿತ್ತು.

ಕುಶಲಾ ನಮ್ಮ ಗದ್ದೆಯ ಕೊನೆಯಲ್ಲಿದ್ದ ಗುಡಿಸಲಿನವಳು. ಗಂಡ ಘಟ್ಟದ ಮೇಲೆ ಕಾಫಿ ತೋಟಕ್ಕೆಂದು ಹೋದವನು ತಿರುಗಿ ಬರಲಿಲ್ಲ. ಸತ್ತನೋ, ಬೇರೆ ಸಂಸಾರ ಮಾಡಿದನೋ ತಿಳಿಯದ ಕಾರಣ ಅವಳಿಗೆ ಅಳುವುದಕ್ಕೂ ಒಂದು ದಿನ ಗೊತ್ತಾಗಲಿಲ್ಲ. ಎರಡು ಸಣ್ಣ ಹೆಣ್ಣುಮಕ್ಕಳು. ನಮ್ಮ ಗದ್ದೆಯ ಒಡೆಯರಾದ ಧನಿಗಳ ಮನೆಯಲ್ಲೂ ಅಕ್ಕಪಕ್ಕದ ನಾಲ್ಕು ಮನೆಗಳಲ್ಲೂ ಭತ್ತ ಕುಟ್ಟುತ್ತಿದ್ದಳು. ಒಂದು ಮುಡಿಯಷ್ಟು ಅಕ್ಕಿ ಕುಟ್ಟಿದರೆ ಎರಡು ಸೇರು ಅಕ್ಕಿ, ಜತೆಗೆ ನುಚ್ಚು, ತೌಡು. ಅದೂ ಕೊಡುವವರ ಮನಸ್ಸಿದ್ದಂತೆ. ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಜಗಲಿಯ ಕೆಳಗೆ ನಿಂತಿರಬೇಕು. ಮಳೆಗಾಲದಲ್ಲಿ ಕುಟ್ಟುವ ಕೆಲಸವೂ ಇಲ್ಲ. ಆಗ ಹಲಸಿನ ಬೀಜ, ಗುಡ್ಡೆಯ ಚಗಟೆ ಸೊಪ್ಪು, ಯಾರಾದರೂ ಕೊಟ್ಟ ಗಂಜಿನೀರು. ಒಂದು ಆಷಾಢದಲ್ಲಿ ಅವಳ ಸಣ್ಣ ಮಗಳು ನಮ್ಮ ಕೊಟ್ಟಿಗೆಯ ಬಾನಿಯಲ್ಲಿ ದನಕ್ಕೆ ಕಲಸಿಟ್ಟ ತೌಡಿಗೆ ಕೈ ಹಾಕಿದ್ದನ್ನು ನಾನು ಕಣ್ಣಾರೆ ಕಂಡವನು. ಕಂಡು ಗದರಿಸಿದ್ದೆ. ಪಾಪ, ಮಗು. ನಾನು ಎಂಥ ಮನುಷ್ಯ ಎಂದು ನಿಮಗೆ ಅಲ್ಲಿಯೇ ಗೊತ್ತಾಗಬೇಕು.

ಐವತ್ತನಾಲ್ಕನೇ ಇಸವಿಯ ಸುಗ್ಗಿಯಲ್ಲಿ ಕತ್ತಿ ತಾಗಿ ನನ್ನ ಬಲಗೈಯ ಹೆಬ್ಬೆರಳು ಅರ್ಧ ತುಂಡಾಯಿತು. ಪಂಡಿತರು ಸೊಪ್ಪು ಅರೆದು ಕಟ್ಟಿದರು. ಗಾಯ ಮಾಗಿತು, ಆದರೆ ಬೆರಳು ನೆಟ್ಟಗೆ ಮರದ ಗೂಟವಾಗಿ ನಿಂತಿತು. ಮಡಚಲಿಕ್ಕೆ ಬಾರದು. ಕತ್ತಿ ಹಿಡಿಯಬಹುದು, ಬೀಡಿ ಹಿಡಿಯಬಹುದು. ಹಗ್ಗ ಜಗ್ಗಲು ಮಾತ್ರ ಸಾಧ್ಯವಿಲ್ಲ. ಧನಿಗಳ ಮನೆಯಲ್ಲಿ ಅರುವತ್ತು ಮುಡಿ ಕಟ್ಟಲಿಕ್ಕೆ ಬಾಕಿ ಇತ್ತು. ಆಗುವುದಿಲ್ಲ ಎಂದರೆ ಬೇರೆಯವನು ಬರುತ್ತಾನೆ, ಒಮ್ಮೆ ಬಂದವನು ಮತ್ತೆ ಹೋಗುವುದಿಲ್ಲ. ನಾನು ಬೆರಳಿಗೆ ಹೆಗಲ ಮೇಲಿನ ಬೈರಾಸು ಸುತ್ತಿಕೊಂಡು, ‘ಎಂತದೂ ಇಲ್ಲ, ಗುಣ ಆಯಿತು’ ಎಂದು ಊರಿಡೀ ಹೇಳಿಕೊಂಡು ತಿರುಗಿದೆ. ಮನೆಗೆ ಬಂದು ಕೊಟ್ಟಿಗೆಯಲ್ಲಿ ಮುಡಿಯ ಮುಂದೆ ಕೂತು ಅತ್ತೆ.

ಕುಶಲಾ ಆಗ ನಮ್ಮ ಅಂಗಳದಲ್ಲಿ ಭತ್ತ ಕುಟ್ಟುತ್ತಿದ್ದಳು. ಒನಕೆ ಗೋಡೆಗೆ ಒರಗಿಸಿ ಒಳಗೆ ಬಂದಳು.

‘ಎಂತ ಭುಜಂಗಣ್ಣ, ಹೀಗೆ ಕೂತದ್ದು? ಬೆರಳು ಮಡಚುವುದಿಲ್ವಾ?’

‘ನಿನಗೆ ಯಾಕೆ ಅದೆಲ್ಲ? ಹೋಗಿ ಕುಟ್ಟು.’

ಹೋಗಲಿಲ್ಲ. ಬಾಗಿಲು ಎಳೆದುಕೊಂಡು, ಸೀರೆ ಮೇಲಕ್ಕೆ ಕಟ್ಟಿ, ‘ಹೇಗೆ ಜಗ್ಗುವುದು ಹೇಳಿ, ನಾನು ಜಗ್ಗುತ್ತೇನೆ’ ಅಂದಳು. ನಾನು ಗಾಬರಿಯಾಗಿ, ‘ಕಾಲು ಕೊಡಬೇಕು ಮಾರಾಯ್ತಿ’ ಎಂದೆ. ‘ಕೊಟ್ಟರಾಯಿತು. ಕಾಲು ತೊಳೆದುಕೊಂಡೇ ಬಂದಿದ್ದೇನೆ’ ಎಂದಳು.

ಮೊದಲ ಮುಡಿ ಕುಂಬಳಕಾಯಿಯ ಹಾಗೆ ಒಂದು ಕಡೆ ವಾಲಿತು. ಬಿಚ್ಚಿಸಿದೆ. ಎರಡನೆಯದನ್ನೂ ಬಿಚ್ಚಿಸಿದೆ. ಬೈದೆ ಕೂಡ. ಐದನೆಯದು ನಾನು ಕಟ್ಟಿದ ಹಾಗೇ ಬಂತು. ಹತ್ತನೆಯದು ನನಗಿಂತ ಚೆನ್ನಾಗಿ ಬಂತು. ಹದಿನೈದು ವರ್ಷ ಒನಕೆ ಎತ್ತಿದ ತೋಳು ಅದು, ಜಗ್ಗಿದರೆ ಹಗ್ಗ ಕಿರುಗುಟ್ಟುತ್ತಿತ್ತು. ನನಗೆ ಸಂತೋಷವಾಗಬೇಕಿತ್ತು ಅಲ್ವಾ? ಹೊಟ್ಟೆಯೊಳಗೆ ಎಂತದೋ ಉರಿಯಿತು.

ಹೀಗೆ ಸುರುವಾಯಿತು ನಮ್ಮ ವ್ಯಾಪಾರ. ನಾನು ಧನಿಗಳ ಮನೆಯಿಂದ ಅಕ್ಕಿ ಹೊತ್ತು ತಂದು ನಮ್ಮ ಕೊಟ್ಟಿಗೆಯಲ್ಲಿ ಸುರಿಯುವುದು, ಕೊಟ್ಟಿಗೆಯ ಬಾಗಿಲು ಹಾಕಿ ಅವಳು ಕಟ್ಟುವುದು, ನಾನು ಹೊರಗೆ ಕೂತು ಹಗ್ಗ ಹೊಸೆಯುವುದು. ಗೊತ್ತಿದ್ದವಳು ನನ್ನ ಹೆಂಡತಿ ಸೇಸಿ ಒಬ್ಬಳೇ. ಸಿಕ್ಕಿದ ಒಂದು ಸೇರಿನಲ್ಲಿ ಅರ್ಧ ನನಗೆ, ಅರ್ಧ ಅವಳಿಗೆ ಎಂದು ಮಾತಾಗಿತ್ತು. ಎರಡನೇ ವರ್ಷ ನಾನು ಅವಳದ್ದನ್ನು ಕಾಲು ಸೇರಿಗೆ ಇಳಿಸಿದೆ. ‘ಹೆಸರು ನನ್ನದು, ಸಿಕ್ಕಿಬಿದ್ದರೆ ಪೆಟ್ಟು ತಿನ್ನುವವನೂ ನಾನು ಅಲ್ವಾ?’ ಎಂದೆ. ಅವಳು ಆಗಲಿ ಎಂದಳು. ಬೇರೆ ಎಂತ ಹೇಳಿಯಾಳು?

ಇದರಲ್ಲಿ ಒಂದು ನಗೆಪಾಟಲಿನ ಸಂಗತಿ ಉಂಟು. ಕುಶಲಾ ಮುಟ್ಟಾಗಿ ಹೊರಗೆ ಕೂತ ಮೂರು ದಿನ ಬರುತ್ತಿರಲಿಲ್ಲ. ಅಕ್ಕಿ ಮುಟ್ಟುವ ಹಾಗಿಲ್ಲವಲ್ಲ. ಆ ಮೂರು ದಿನ ಮುಡಿ ಯಾಕೆ ಕಟ್ಟಲಿಲ್ಲ ಎಂದು ಕೇಳುವ ಧನಿಗಳ ಗುಮಾಸ್ತನಿಗೆ ನಾನು ಎಂತ ಉತ್ತರ ಕೊಡಲಿ? ‘ಸೊಂಟ ನೋವು’ ಎಂದೆ. ಮುಂದಿನ ತಿಂಗಳೂ ಸೊಂಟ ನೋವು. ಅದರ ಮುಂದಿನ ತಿಂಗಳೂ. ಗುಮಾಸ್ತ ಗಣಪ, ‘ನಿನಗೆ ಎಂತ ಮಾರಾಯ, ಹೆಂಗಸರ ಹಾಗೆ ತಿಂಗಳು ತಿಂಗಳು ಬರುವುದು?’ ಎಂದು ಹತ್ತು ಜನರ ಎದುರು ನಗಾಡಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅಷ್ಟು ಹತ್ತಿರ ಬಂದಿತ್ತು ಸತ್ಯ, ಆದರೆ ಒಬ್ಬನಿಗಾದರೂ ತಲೆಗೆ ಹೊಳೆಯಲಿಲ್ಲ. ಹೊಳೆಯುವುದು ಹೇಗೆ? ಹೆಂಗಸು ಮುಡಿ ಕಟ್ಟುವುದು ಎಂಬುದೇ ಅವರ ತಲೆಯಲ್ಲಿ ಇರಲಿಲ್ಲ.

‘ಭುಜಂಗನ ಮುಡಿ’ ಹೆಸರುವಾಸಿಯಾಯಿತು. ಕಾರ್ಕಳ ಪೇಟೆಯ ಅಕ್ಕಿ ವ್ಯಾಪಾರಿ ಸ್ಟ್ಯಾನಿಸ್ಲಾಸ್ ಪೊರ್ಬುಗಳು ನನ್ನ ಮುಡಿ ಎಂದರೆ ಎರಡು ಮಾತಿಲ್ಲದೆ ಇಳಿಸಿಕೊಳ್ಳುತ್ತಿದ್ದರು. ಕಾಪು, ಉಚ್ಚಿಲ, ಹೆಜಮಾಡಿಯ ಕಡಲ ತೀರದವರು ಮಳೆಗಾಲಕ್ಕೆ ಮೊದಲು ಅವರಲ್ಲಿಂದಲೇ ಕೊಂಡು ಹೋಗುತ್ತಿದ್ದರು. ಮಳೆ ಹಿಡಿದರೆ ದೋಣಿ ಇಳಿಯುವುದಿಲ್ಲ, ಮೀನಿಲ್ಲ, ದುಡ್ಡಿಲ್ಲ. ಅಟ್ಟದ ಮುಡಿಯೇ ಅವರಿಗೆ ಮೂರು ತಿಂಗಳ ಜೀವ. ನಾನು ಪೇಟೆಗೆ ಹೋದರೆ ಹೋಟೆಲಿನಲ್ಲಿ ಬೆಂಚು ಬಿಟ್ಟುಕೊಡುತ್ತಿದ್ದರು. ನಾನು ಮೀಸೆ ತಿರುವಿ ಕೂತುಕೊಳ್ಳುತ್ತಿದ್ದೆ, ಬಲಗೈ ಬೈರಾಸಿನೊಳಗೆ.

ಕುಶಲಾಳಿಗೆ ಇದ್ದದ್ದು ಒಂದೇ ಆಸೆ. ಎಷ್ಟು ಸಲ ಹೇಳಿದ್ದಳೋ. ‘ನನಗೆ ನನ್ನದೇ ಭತ್ತ ಬೇಕು ಭುಜಂಗಣ್ಣ. ಎರಡು ಮುಡಿ ಅಕ್ಕಿ ಆಗುವಷ್ಟು ಸಾಕು. ಬೇಯಿಸಿ, ಕುಟ್ಟಿ, ಕಟ್ಟಿ, ನಾನೇ ಕಾರ್ಕಳಕ್ಕೆ ಹೊತ್ತು ಮಾರಿದರೆ ಪುನಃ ಭತ್ತ ತರಬಹುದು. ಆಮೇಲೆ ಯಾರ ಜಗಲಿಯ ಕೆಳಗೂ ಸೆರಗು ಹಿಡಿದು ನಿಲ್ಲುವುದು ಬೇಡ.’

ಐವತ್ತೊಂಬತ್ತರಲ್ಲಿ ಆ ಭತ್ತ ಅವಳ ಬಾಗಿಲಿಗೆ ಬಂದಿತ್ತು.

ಬ್ಲಾಕಿನ ಆಫೀಸರರೊಬ್ಬರು ಜೀಪಿನಲ್ಲಿ ಊರೂರು ತಿರುಗಿ ಕೈಕುಟ್ಟಣದ ಅಕ್ಕಿಗೆ ಸಂಘ ಮಾಡಿಸುತ್ತಿದ್ದರು. ನಮ್ಮ ಊರಿನಲ್ಲಿ ಕುಶಲಾಳೂ ಸೇರಿ ತೀರಾ ಬಡವರಾದ ಹನ್ನೆರಡು ಹೆಂಗಸರಿಗೆ ಸಂಘದಿಂದ ತಲಾ ಎರಡು ಮುಡಿ ಅಕ್ಕಿಯಷ್ಟು ಭತ್ತ ಕೊಡುವುದು, ಅವರು ಕುಟ್ಟುವುದು, ಮಾರಿ ಬಂದದ್ದರಲ್ಲಿ ಅವರಿಗೆ ಪಾಲು. ಮುಡಿ ಕಟ್ಟಲಿಕ್ಕೆ ಒಬ್ಬರನ್ನು ತಿಂಗಳಿಗೆ ಇಪ್ಪತ್ತೈದು ರೂಪಾಯಿ ಸಂಬಳಕ್ಕೆ ಇಟ್ಟುಕೊಳ್ಳುವುದು. ಇಪ್ಪತ್ತೈದು! ಪೊರ್ಬುಗಳ ಅಂಗಡಿಯಲ್ಲಿ ಎರಡು ವರ್ಷ ಹಳೆಯ ಮುಡಿಯೊಂದನ್ನು ಬಿಚ್ಚಿಸಿ ನೋಡಿ ಆ ಆಫೀಸರರು ಬೆರಗಾಗಿದ್ದರಂತೆ. ‘ಇದನ್ನು ಕಟ್ಟಿದವರೇ ನಮಗೆ ಬೇಕು’ ಎಂದಿದ್ದರು. ಗುರುವಾರ ಧನಿಗಳ ಅಂಗಳಕ್ಕೆ ಬರುವುದೆಂದು ನಿಶ್ಚಯವಾಯಿತು.

ಸೋಮವಾರ ಕುಶಲಾ ಕೊಟ್ಟಿಗೆಗೆ ಬಂದಳು. ಕಟ್ಟಲಿಕ್ಕೆ ಎಂತದೂ ಇರಲಿಲ್ಲ. ನಿಂತೇ ಮಾತಾಡಿದಳು.

‘ಭುಜಂಗಣ್ಣ, ಆ ಕೆಲಸ ನನಗೆ ಬೇಕು. ಆಫೀಸರು ದೊಡ್ಡವರು, ಅವರು ಸರಿ ಅಂದರೆ ಧನಿಗಳು ಎದುರು ಮಾತಾಡಲಿಕ್ಕಿಲ್ಲ. ನಾನು ಕಟ್ಟಿ ತೋರಿಸುತ್ತೇನೆ. ನೀವು ಹೌದು ಅಂತ ಒಂದು ಮಾತು ಹೇಳಬೇಕು, ಅಷ್ಟೇ.’

‘ನನ್ನ ಗತಿ?’

‘ಧನಿಗಳ ಮುಡಿಯನ್ನು ಮೊದಲಿನ ಹಾಗೇ ಕಟ್ಟಿಕೊಡುತ್ತೇನೆ. ಪೂರಾ ಸೇರು ನೀವೇ ಇಟ್ಟುಕೊಳ್ಳಿ. ನಿಮ್ಮ ಬೆರಳಿನ ಸುದ್ದಿ ನನ್ನ ಬಾಯಿಯಿಂದ ಬಾರದು. ನಿಮ್ಮಿಂದ ಕಲಿತೆ, ಈಗ ನಾನೂ ಕಟ್ಟುತ್ತೇನೆ ಅಂತ ಹೇಳುವ.’

ಇದಕ್ಕಿಂತ ನ್ಯಾಯ ಉಂಟಾ? ನಾನು ‘ಆಗಲಿ, ಹೇಳುತ್ತೇನೆ’ ಎಂದೆ. ಮಾತು ಕೊಟ್ಟೆ. ಸೇಸಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು.

ಮಂಗಳವಾರ ಬೆಳಿಗ್ಗೆ ಕುಶಲಾಳ ಚಾಪೆ ಗುಡಿಸಲಿನ ಹೊರಗೆ ಬಿದ್ದಿತ್ತು. ದೊಡ್ಡ ಮಗಳು ಒಲೆ ಊದುತ್ತಿದ್ದಳು. ಅಂಥದನ್ನು ಊರಿನಲ್ಲಿ ಮುಚ್ಚಿಡುವುದು ಆಗುತ್ತದಾ? ಹಾದುಹೋದವರಿಗೆಲ್ಲ ಕಂಡಿತು. ಗುರುವಾರ ಎಂದರೆ ಮೂರನೆಯ ದಿನ.

ಅಂದು ಧನಿಗಳ ಅಂಗಳದಲ್ಲಿ ಊರೇ ಸೇರಿತ್ತು. ಹನ್ನೊಂದು ಹೆಂಗಸರು ತೆಂಗಿನ ಬುಡದಲ್ಲಿ ಸಾಲಾಗಿ ಕೂತಿದ್ದರು. ಕುಶಲಾ ಒಬ್ಬಳು ಒಳಗೆ ಬರುವ ಹಾಗಿಲ್ಲದೆ ಅಂಗಳದ ಬೇಲಿಯ ದಣಪೆಯ ಆಚೆ ಬಿಸಿಲಿನಲ್ಲಿ ನಿಂತಿದ್ದಳು. ಆಫೀಸರರು ಮುಡಿಯನ್ನು ಕಾಲಿನಿಂದ ಉರುಳಿಸಿ ನೋಡಿ, ‘ಯಾರು ಕಟ್ಟಿದ್ದು ಇದು?’ ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಆಚೆಯಿಂದ ಸ್ವರ ಬಂತು. ‘ನಾನು ಸ್ವಾಮಿ.’

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಗಣಪ ಹೋ ಎಂದು ನಕ್ಕ. ಜನವೆಲ್ಲ ನಕ್ಕಿತು. ಧನಿಗಳು ಮಾತ್ರ ನಗಲಿಲ್ಲ. ನನ್ನನ್ನೇ ನೋಡಿದರು. ಅವರ ಮನೆಯಿಂದ ಪ್ರತಿ ವರ್ಷ ದೇವಸ್ಥಾನದ ನೈವೇದ್ಯಕ್ಕೆ ಹೋಗುವ ಐದು ಮುಡಿಯೂ ನಮ್ಮ ಕೊಟ್ಟಿಗೆಯಿಂದಲೇ ಹೋದದ್ದು.

ಆಫೀಸರರು ಒಳ್ಳೆಯವರು. ನಗಲಿಲ್ಲ. ‘ಬಾಮ್ಮ, ಒಂದು ಕಟ್ಟಿ ತೋರಿಸು’ ಎಂದರು. ಕುಶಲಾ ತಲೆ ತಗ್ಗಿಸಿದಳು. ‘ಇವತ್ತು ಆಗುವುದಿಲ್ಲ ಸ್ವಾಮಿ. ನಾಳೆ ಎಷ್ಟು ಬೇಕಾದರೂ ಕಟ್ಟುತ್ತೇನೆ.’ ಹೆಂಗಸರು ಮುಖ ಮುಖ ನೋಡಿಕೊಂಡರು. ಯಾಕೆ ಆಗುವುದಿಲ್ಲ ಎಂದು ಆಫೀಸರರಿಗೆ ಯಾರೋ ಕಿವಿಯಲ್ಲಿ ಹೇಳಿದರು. ಅವರ ಮುಖ ಕೆಂಪಾಯಿತು. ಅವರಿಗೆ ಅಲ್ಲಿಂದ ಕಾಪುವಿಗೆ ಹೋಗಲಿಕ್ಕಿತ್ತು, ಪಟ್ಟಿ ಅದೇ ದಿನ ಬರೆದು ಕಳಿಸಬೇಕಿತ್ತು. ‘ನೀನು ಕಟ್ಟಿದ್ದನ್ನು ಕಂಡವರು ಇದ್ದಾರಾ?’ ಎಂದು ಕೇಳಿದರು.

‘ಭುಜಂಗಣ್ಣ ಹೇಳಲಿ’ ಎಂದಳು ಕುಶಲಾ. ಅವಳ ದನಿಯಲ್ಲಿ ಅನುಮಾನವೇ ಇರಲಿಲ್ಲ.

ಅಂಗಳದ ಕಣ್ಣೆಲ್ಲ ನನ್ನ ಮೇಲೆ ಬಿತ್ತು. ನಾನು ಹೇಳಿದ್ದನ್ನು ಅಕ್ಷರ ಬಿಡದೆ ಹೇಳುತ್ತೇನೆ. ‘ಅವಳು ಹಗ್ಗ ಹೊಸೆದು ಕೊಡುತ್ತಿದ್ದಳು ಸ್ವಾಮಿ. ಕಟ್ಟಿದ್ದು ನಾನು.’

ಧನಿಗಳಿಗೆ ಹೆದರಿ ಹೇಳಿದೆ ಎಂದು ಬಹಳ ಕಾಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಹೆದರಿಕೆ ಇತ್ತು, ಇಲ್ಲ ಅನ್ನುವುದಿಲ್ಲ. ಗೇಣಿಗೆ ಇದ್ದ ಗದ್ದೆ ಅವರದ್ದು. ಏಳು ಎಂದರೆ ಎದ್ದು ಹೋಗಬೇಕಾದವನು ನಾನು. ಆದರೆ ಹೆದರಿಕೆ ನಾಲ್ಕಾಣೆ, ಜಂಬ ಹನ್ನೆರಡಾಣೆ. ಅಷ್ಟು ಜನರ ಎದುರು ‘ಈ ಹೆಂಗಸು ನನಗಿಂತ ಮೇಲು’ ಎಂದು ಹೇಳಲಿಕ್ಕೆ ನನ್ನ ನಾಲಿಗೆ ಏಳಲಿಲ್ಲ. ಥೂ ನನ್ನ ಜನ್ಮವೇ.

ಕುಶಲಾ ನನ್ನ ಮುಖ ನೋಡಲಿಲ್ಲ, ಬೈರಾಸಿನೊಳಗಿದ್ದ ನನ್ನ ಬಲಗೈ ನೋಡಿದಳು. ಒಂದೇ ಸಲ. ‘ಸ್ವಾಮಿ, ಅವರ ಹೆಬ್ಬೆರಳು ಮಡಚಲಿಕ್ಕೆ ಹೇಳಿ’ ಎಂದು ಅವಳು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ತಿಂಗಳು ತಿಂಗಳು ಸೊಂಟ ನೋವು ಯಾಕೆ ಎಂದು ಕೇಳಿದ್ದರೆ ಗಣಪನ ನಗೆ ಗಂಟಲಲ್ಲೇ ನಿಲ್ಲುತ್ತಿತ್ತು. ನನ್ನ ಗಂಜಿಗೆ ಕಲ್ಲು ಹಾಕಲಿಕ್ಕೆ ಒಂದು ಮಾತು ಸಾಕಿತ್ತು, ಆ ಮಾತು ಅವಳ ಬಾಯಿಯಲ್ಲಿತ್ತು. ಅವಳು ಆಡಲಿಲ್ಲ. ನನ್ನ ಬೆರಳಿನ ಸುದ್ದಿ ಹೇಳುವುದಿಲ್ಲ ಎಂದು ಸೋಮವಾರ ಮಾತು ಕೊಟ್ಟಿದ್ದಳಲ್ಲ. ಮಾತು ಕೊಟ್ಟವರು ನಾವು ಇಬ್ಬರೂ.

ಆಫೀಸರರು ನನ್ನ ಹೆಸರು ಬರೆದುಕೊಂಡರು. ಸುಳ್ಳು ಹೇಳಿದವಳು ಸಂಘಕ್ಕೆ ಬೇಡ ಎಂದು ಧನಿಗಳು ಪಟ್ಟಿಯಿಂದ ಕುಶಲಾಳ ಹೆಸರನ್ನೇ ತೆಗೆಸಿದರು. ಕೆಲಸ ಹೋದದ್ದು ಮಾತ್ರವಲ್ಲ, ಆ ಎರಡು ಮುಡಿಯ ಭತ್ತವೂ ಹೋಯಿತು. ಬಾಯಿ ತೆರೆಯಲಿಕ್ಕೆ ನನಗೆ ಮತ್ತೊಂದು ಅವಕಾಶ ಅದು. ನಾನು ಜೀಪಿನ ಬಾಗಿಲ ಬಳಿ ಕೈಮುಗಿದು ನಿಂತಿದ್ದೆ.

ಮನೆಯಲ್ಲಿ ಸೇಸಿ ಗಂಜಿ ಬಡಿಸಿ, ‘ನಾಚಿಕೆ ಆಗುವುದಿಲ್ವಾ ನಿಮಗೆ?’ ಎಂದಳು. ‘ಮುಚ್ಚು ಬಾಯಿ’ ಎಂದೆ. ನನ್ನ ಲೆಕ್ಕಾಚಾರ ಬೇರೆ ಇತ್ತು. ಕುಶಲಾ ಹೇಗೂ ಕೊಟ್ಟಿಗೆಗೆ ಬಂದು ಕಟ್ಟುತ್ತಾಳೆ, ಸಂಬಳದಲ್ಲಿ ಅರ್ಧ ಅವಳಿಗೆ ಕೊಟ್ಟರಾಯಿತು, ಯಾರಿಗೂ ನಷ್ಟವಿಲ್ಲ ಎಂದು. ಎರಡು ದಿನ ಬಿಟ್ಟು ಅವಳ ಗುಡಿಸಲಿಗೆ ಹೋದೆ. ಅವಳು ಯಾರದೋ ಭತ್ತ ಕುಟ್ಟುತ್ತಿದ್ದಳು. ಒನಕೆ ನಿಲ್ಲಿಸಲಿಲ್ಲ.

‘ಬಾ ಕುಶಲಾ, ಸಂಘದ ಅಕ್ಕಿ ಬಂದಿದೆ. ಈ ಸಲ ಅರ್ಧ ಅಲ್ಲ, ಹದಿನೈದು ರೂಪಾಯಿ ನಿನಗೆ.’

‘ನನ್ನ ಕೈಗೆ ಬಿಡುವಿಲ್ಲ ಭುಜಂಗಣ್ಣ.’

ನನಗೆ ಸಿಟ್ಟು ನೆತ್ತಿಗೇರಿತು. ತಪ್ಪು ಮಾಡಿದವನಿಗೆ ಬರುವ ಸಿಟ್ಟು ಗೊತ್ತಲ್ಲ ನಿಮಗೆ, ಅದಕ್ಕೆ ಕಣ್ಣಿಲ್ಲ. ‘ನಾನು ಕಲಿಸದಿದ್ದರೆ ನೀನೂ ನಿನ್ನ ಮಕ್ಕಳೂ ಇವತ್ತಿಗೂ ದನದ ತೌಡು ತಿಂದುಕೊಂಡು ಇರುತ್ತಿದ್ದಿರಿ!’ ಎಂದು ಕಿರುಚಿದೆ. ಸಣ್ಣ ಮಗಳು ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಆ ಬಾನಿಯ ನೆನಪು ಇತ್ತು ಎಂದು ಮುಖ ನೋಡಿದರೆ ತಿಳಿಯಿತು.

ಕುಶಲಾ ಆಗ ಒನಕೆ ನಿಲ್ಲಿಸಿದಳು. ‘ಕಲಿಸಿದ್ದು ನೀವೇ, ಹೌದು. ಅದನ್ನು ಯಾರು ಕೇಳಿದರೂ ಹೇಳುತ್ತೇನೆ’ ಎಂದಳು. ಪುನಃ ಕುಟ್ಟತೊಡಗಿದಳು.

ಸಂಘದ ಮುಡಿಗಳನ್ನು ನಾನೇ ಕಟ್ಟಿದೆ. ಎಡಗೈಯಲ್ಲಿ ಜಗ್ಗಿದೆ, ಹಲ್ಲಿನಲ್ಲಿ ಕಚ್ಚಿ ಜಗ್ಗಿದೆ. ನೋಡಲಿಕ್ಕೆ ಉರುಟಾಗಿಯೇ ಇದ್ದವು. ಭುಜಂಗನ ಮುಡಿ ಎಂದು ಜನ ಕಣ್ಣುಮುಚ್ಚಿ ಕೊಂಡರು. ಆಷಾಢದ ಕೊನೆಗೆ ಉಚ್ಚಿಲದಿಂದ ಒಬ್ಬಳು ಮೊಗವೀರ ಹೆಂಗಸು ಸಂಘದ ಬಾಗಿಲಿಗೆ ಬಂದಳು. ಮಳೆಯಲ್ಲಿ ತೊಯ್ದು ತೊಪ್ಪೆಯಾಗಿದ್ದಳು. ಸೆರಗಿನ ಗಂಟು ಬಿಚ್ಚಿ ನನ್ನ ಎದುರು ಹಿಡಿದಳು. ಹಸಿರು ಬೂಷ್ಟು ಹಿಡಿದು ಉಂಡೆಗಟ್ಟಿದ ಅಕ್ಕಿ. ‘ಅಟ್ಟದಲ್ಲಿ ಇದ್ದದ್ದು ಇದೊಂದೇ ಮುಡಿ. ಮನೆಯಲ್ಲಿ ಏಳು ಜನ. ತೊಳೆದು ತೊಳೆದು ಉಂಡೆವು, ಮಕ್ಕಳಿಗೆ ವಾಂತಿಭೇದಿ ಸುರುವಾಯಿತು. ನಿಮ್ಮ ಹೆಸರು ನೋಡಿ ತೆಗೆದದ್ದು ಅಣ್ಣ’ ಎಂದಳು. ಬೈಯಲಿಲ್ಲ, ಅಷ್ಟೇ ಹೇಳಿದಳು.

‘ಈ ವರ್ಷ ಹುಲ್ಲು ಸರಿ ಇರಲಿಲ್ಲ’ ಎಂದೆ ನಾನು.

ಎಲ್ಲರೂ ನಂಬಿದರು. ಹುಲ್ಲಿನ ಮೇಲೆ ತಪ್ಪು ಹೋಯಿತು. ಮುಡಿಗಳು ಒಂದೊಂದೇ ವಾಪಸು ಬಂದವು. ಭತ್ತ ಕೊಡುವುದು ನಿಂತಿತು. ದೀಪಾವಳಿಯ ಹೊತ್ತಿಗೆ ಸಂಘದ ಬಾಗಿಲಿಗೆ ಬೀಗ ಬಿತ್ತು. ಹನ್ನೊಂದು ಹೆಂಗಸರು ಪುನಃ ಜಗಲಿಯ ಕೆಳಗೆ ಹೋಗಿ ನಿಂತರು. ನನ್ನ ಹೆಬ್ಬೆರಳಿನ ಸುದ್ದಿ ಮಾತ್ರ ಹೊರಗೆ ಬರಲಿಲ್ಲ. ಧನಿಗಳ ಮುಡಿ ಕಟ್ಟಲಿಕ್ಕೆ, ‘ವಯಸ್ಸಾಯಿತು, ಇನ್ನು ಆಗುವುದಿಲ್ಲ’ ಎಂದು ಹೇಳಿ ಮರ್ಯಾದೆಯಿಂದಲೇ ಬಿಟ್ಟೆ. ಪೊರ್ಬುಗಳ ಅಂಗಡಿಯಲ್ಲಿ ಹೊರೆ ಹೊರುವ ಕೆಲಸಕ್ಕೆ ಸೇರಿದೆ. ಬೆನ್ನಿಗೆ ಹೆಬ್ಬೆರಳು ಬೇಡವಲ್ಲ.

ಅಲ್ಲಿಯೇ ನಾನು ಕುಶಲಾಳನ್ನು ಪುನಃ ನೋಡಿದ್ದು. ಅರುವತ್ತರ ಬೇಸಿಗೆ. ಅಂಗಡಿಯ ಮೆಟ್ಟಿಲಿಗೆ ತಲೆಯ ಮೇಲೊಂದು ಮುಡಿ ಹೊತ್ತು ಬಂದಳು. ಒಂದು ವರ್ಷ ಕುಟ್ಟಿದ ಕೂಲಿಯ ಅಕ್ಕಿಯಲ್ಲಿ ಪಾವು ಪಾವು ಉಳಿಸಿ, ತಾನೂ ಮಕ್ಕಳೂ ನುಚ್ಚು ತಿಂದು ಒಟ್ಟು ಮಾಡಿದ ನಲವತ್ತೆರಡು ಸೇರು. ಅದನ್ನು ತನ್ನ ಗುಡಿಸಲಿನ ಅಂಗಳದಲ್ಲಿ, ಹಾಡಹಗಲು, ಊರು ನೋಡುತ್ತಿದ್ದ ಹಾಗೆ ಕಾಲು ಕೊಟ್ಟು ಕಟ್ಟಿದ್ದಳಂತೆ. ಗಣಪ ಕಲ್ಲು ಎಸೆದನಂತೆ. ನಿಲ್ಲಿಸಲಿಲ್ಲವಂತೆ.

ಪೊರ್ಬುಗಳು ಮುಡಿಯನ್ನು ಉರುಳಿಸಿದರು, ಬೆರಳಿನಿಂದ ಹಗ್ಗದ ಸಂದು ಒತ್ತಿದರು. ‘ಇದು ಭುಜಂಗನ ಮುಡಿ ಅಲ್ವಾ?’ ಎಂದರು. ‘ಅಲ್ಲ, ನನ್ನದು’ ಎಂದಳು. ಪೊರ್ಬುಗಳು ಕನ್ನಡಕದ ಮೇಲಿನಿಂದ ಮೂಲೆಯಲ್ಲಿದ್ದ ನನ್ನನ್ನು ನೋಡಿದರು. ಅವರಿಗೆ ಅಲ್ಲಿಗೆ ಎಲ್ಲವೂ ಅರ್ಥವಾಯಿತು ಎಂದು ನನಗೂ ಅರ್ಥವಾಯಿತು. ‘ಯಾರ ಕಾಲು ತಾಗಿತು ಅಂತ ನನ್ನ ಗಿರಾಕಿಗಳು ಕೇಳುವುದಿಲ್ಲಮ್ಮ, ಹುಳ ಉಂಟಾ ಅಂತ ಕೇಳುತ್ತಾರೆ’ ಎಂದು ಹೇಳಿ ಅವಳಿಗೆ ಮೂರು ಮುಡಿ ಅಕ್ಕಿ ಆಗುವಷ್ಟು ಭತ್ತ ಕೊಟ್ಟು ಕಳಿಸಿದರು. ಆ ಭತ್ತವನ್ನು ಅವಳ ಗುಡಿಸಲಿಗೆ ಹೊತ್ತು ಹಾಕಿದವನು ನಾನು. ‘ಅಲ್ಲಿ ಇಡಿ’ ಎಂದಳು.

ಮೂರಾದದ್ದು ಆರಾಯಿತು. ಸಂಘದಿಂದ ಬಿದ್ದುಹೋದ ಹನ್ನೊಂದು ಹೆಂಗಸರನ್ನು ಅವಳು ಒಬ್ಬೊಬ್ಬರಾಗಿ ಕರೆದಳು. ಕುಟ್ಟುವುದು ಗೊತ್ತಿತ್ತು, ಕಟ್ಟುವುದನ್ನು ಅವಳು ಕಲಿಸಿದಳು. ಅವಳದ್ದು ಒಂದೇ ಕಟ್ಟುನಿಟ್ಟು: ಒಬ್ಬಳು ಕಟ್ಟಿದ ಮುಡಿ ಇನ್ನೊಬ್ಬಳ ಹೆಸರಿನಲ್ಲಿ ಹೋಗಬಾರದು. ಅದಕ್ಕೆ ಪ್ರತಿಯೊಬ್ಬಳೂ ತನ್ನ ಹಳೆಯ ಸೀರೆಯ ಒಂದು ಚಿಂದಿಯನ್ನು ಕೊನೆಯ ಗಂಟಿನಲ್ಲಿ ಸೇರಿಸಿ ಕಟ್ಟಬೇಕು. ಕುಶಲಾಳದ್ದು ಕಂದು. ಒಬ್ಬಳದ್ದು ಹಸಿರು, ಒಬ್ಬಳದ್ದು ಹಳದಿ. ಕಾಪುವಿನಿಂದ ಬಂದ ಗಿರಾಕಿಗಳು ‘ಹಸಿರು ಚಿಂದಿಯದ್ದು ಉಂಟಾ?’ ಎಂದು ಕೇಳುವುದನ್ನು ನಾನು ಹೊರೆ ಇಳಿಸುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಈ ನಿಯಮ ಎಲ್ಲಿಂದ ಹುಟ್ಟಿತು ಎಂದು ಆ ಹೆಂಗಸರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಅರುವತ್ತೈದರ ಹೊತ್ತಿಗೆ ಅವಳ ಗುಡಿಸಲಿಗೆ ಹಂಚು ಬಂತು, ಭತ್ತ ಬೇಯಿಸಲಿಕ್ಕೆ ಎರಡು ತಾಮ್ರದ ಹಂಡೆ ಬಂದವು. ಕಲ್ಲೆಸೆದ ಗಣಪನ ಬಾಯಲ್ಲೂ ಅವಳು ಕುಶಲಕ್ಕ ಆದಳು.

ಅರುವತ್ತಾರರಲ್ಲಿ ಉಡುಪಿಯ ಒಂದು ಶಾಲೆಯ ಮೈದಾನದಲ್ಲಿ ಹೆಂಗಸರ ಕೈಕೆಲಸದ ಪ್ರದರ್ಶನ ಏರ್ಪಾಡಾಯಿತು. ಮಣಿಪಾಲದಲ್ಲಿ ಟೀಚರ್ ಆಗಿದ್ದ ಆಂಜೆಲಾ ಬಾಯಿ ಎಂಬವರು ಮುಂದೆ ನಿಂತು ನಡೆಸಿದ್ದು. ಪೊರ್ಬುಗಳ ಲಾರಿಯಲ್ಲಿ ಹತ್ತು ಮುಡಿ ಹೋದವು. ಇಳಿಸಲಿಕ್ಕೆ ನಾನು ಹೋದೆ. ಕುಶಲಾ ಎಲ್ಲರ ಎದುರು ಒಂದು ಮುಡಿ ಕಟ್ಟಿ ತೋರಿಸಿದಳು. ಅಷ್ಟು ಜನ, ಅಷ್ಟು ಬಿಸಿಲು, ಅವಳ ಕಾಲು ಮುಡಿಯ ಮೇಲೆ. ಯಾರೂ ನಗಲಿಲ್ಲ. ಚಪ್ಪಾಳೆ ಹೊಡೆದರು.

‘ಈ ವಿದ್ಯೆ ಎಲ್ಲಿ ಕಲಿತದ್ದು ನೀವು?’ ಎಂದು ಆಂಜೆಲಾ ಬಾಯಿ ಕೇಳಿದರು.

ನಾನು ಗುಂಪಿನ ಹಿಂದೆ ಲಾರಿಯ ನೆರಳಿನಲ್ಲಿ ನಿಂತಿದ್ದೆ. ಕುಶಲಾ ಕೈ ಎತ್ತಿ ನನ್ನ ಕಡೆ ತೋರಿಸಿದಳು. ‘ಕುಕ್ಕುಂದೂರಿನ ಭುಜಂಗಣ್ಣ ಕಲಿಸಿದ್ದು. ಅಗೋ, ಅಲ್ಲಿ ನಿಂತಿದ್ದಾರೆ.’

ಏಳು ವರ್ಷದ ಹಿಂದೆ ಹೇಳಿದ ಮಾತನ್ನು ಅವಳು ನಡೆಸಿಕೊಟ್ಟಳು. ಗುಂಪು ಎರಡಾಗಿ ದಾರಿ ಬಿಟ್ಟಿತು. ನನ್ನನ್ನು ಯಾರೋ ಕೈಹಿಡಿದು ಮುಂದೆ ತಂದರು. ಚಪ್ಪಾಳೆಯೋ ಚಪ್ಪಾಳೆ. ಅವಳ ಮುಡಿಗೆ ನನಗೆ ಎರಡನೆಯ ಸಲ ಮರ್ಯಾದೆ. ‘ಅಯ್ಯೋ, ಗುರುಗಳು ಇಲ್ಲೇ ಇದ್ದಾರಾ!’ ಎಂದು ಆಂಜೆಲಾ ಬಾಯಿ ಸಂತೋಷದಿಂದ ಹಗ್ಗದ ತುದಿ ಎತ್ತಿ ನನ್ನ ಕೈಗೆ ಕೊಟ್ಟರು. ‘ಕೊನೆಯ ಸುತ್ತು ನೀವೇ ಹಾಕಬೇಕು. ಫೋಟೋ ತೆಗೆಯುವ.’

ಹಗ್ಗ ನನ್ನ ಅಂಗೈಯಲ್ಲಿತ್ತು. ಹೆಬ್ಬೆರಳು ನೆಟ್ಟಗೆ ನಿಂತಿತ್ತು. ಅಷ್ಟು ಜನ ನೋಡುತ್ತಿದ್ದರು. ಈಗಲಾದರೂ ಹೇಳು ಭುಜಂಗ, ಈ ಕೈಯಿಂದ ಹನ್ನೆರಡು ವರ್ಷದಿಂದ ಒಂದು ಮುಡಿಯನ್ನೂ ಸರಿಯಾಗಿ ಕಟ್ಟಿಲ್ಲ, ಆ ಹೆಸರು ಪೂರಾ ಇವಳದ್ದು ಎಂದು ಹೇಳು, ಎಂದು ನನ್ನ ಒಳಗೆ ಯಾರೋ ಕೂಗುತ್ತಿದ್ದರು. ಹಗ್ಗ ಬೆರಳ ಸಂದಿಯಿಂದ ಜಾರತೊಡಗಿತು.

ಕುಶಲಾ ಥಟ್ಟನೆ ಬಗ್ಗಿ ಹಗ್ಗವನ್ನು ನನ್ನ ಕೈಯಿಂದ ತೆಗೆದುಕೊಂಡಳು.

‘ಬೇಡ ಬಾಯಿ’ ಎಂದಳು, ನನ್ನನ್ನು ನೋಡದೆ. ‘ಅವರಿಗೆ ಸೊಂಟ ನೋವು ಉಂಟು.’